ಮೆಟ್ಟುಗತ್ತಿ ನಿಲ್ಲಿಸಿದ ಪ್ರೇಮಕಥೆ ಯಾವುದು?

ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಒಬ್ಬರು ಓದಬೇಕು, ಉಳಿದವರು ಕೇಳುತ್ತಾ ಸುಲಿಯಬೇಕು. ಹಳೆಯ ರೂಢಿ. ಅಜ್ಜ ಇದ್ದಾಗ ಭಾರತ ಓದುತ್ತಿದ್ದರು. ಈಗ ಆ ಕೆಲಸ ನನ್ನದು. ವಾರವೆಲ್ಲ ಶಿವಮೊಗ್ಗದಲ್ಲಿ ದುಡಿಮೆ, ಶನಿವಾರ ಸಂಜೆ ತಾಳಗುಪ್ಪದ ರೈಲು ಹತ್ತಿ ಸಾಗರ, ಅಲ್ಲಿಂದ ಮನೆ. ಚೀಲದಲ್ಲಿ ಒಂದು ಕಾದಂಬರಿ ಇರಲೇಬೇಕು. ಇಲ್ಲದಿದ್ದರೆ ದೊಡ್ಡಮ್ಮ ರಾತ್ರಿಯಿಡೀ ಮಾತಾಡುವುದಿಲ್ಲ.

ಅವರ ಬೇಡಿಕೆ ಸ್ಪಷ್ಟ. "ರಾಜರ ಕಾಲದ್ದು ತಗೊಂಡು ಬಾ. ಪ್ರೀತಿ ಇರಬೇಕು. ಸುಮ್ನೆ ಯುದ್ಧ ಯುದ್ಧ ಅಂತ ಓದಬೇಡ." ನನಗೂ ಅದೇ ಇಷ್ಟ. ಆದರೆ ಅಂಥದ್ದು ಹುಡುಕುವುದು ಸುಲಭ ಅಲ್ಲ. ಐತಿಹಾಸಿಕ ಕಾದಂಬರಿ ಅಂತ ಕೇಳಿದರೆ ಅಂಗಡಿಯವರು ಕೋಟೆ, ಕತ್ತಿ, ಸಂಚು ಇರುವ ಪುಸ್ತಕ ಮುಂದಿಡುತ್ತಾರೆ. ಪ್ರೇಮದ ಕಾದಂಬರಿ ಅಂದರೆ ಈಗಿನ ಕಾಲದ್ದು ಬರುತ್ತದೆ. ಎರಡೂ ಸೇರಿದ್ದು ನಾವೇ ಹುಡುಕಿಕೊಳ್ಳಬೇಕು. ಹಾಗೆ ಹುಡುಕಿ, ಎರಡು ಸುಗ್ಗಿಯಲ್ಲಿ ಗಟ್ಟಿಯಾಗಿ ಓದಿ ನೋಡಿದ ಕೆಲವನ್ನು ಇಲ್ಲಿ ಅಕ್ಕಪಕ್ಕ ಇಡುತ್ತಿದ್ದೇನೆ.

ಅಳೆದದ್ದು ಹೇಗೆ ಅಂದರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದಿನಿಂದ. ಎಂಟು ಹತ್ತು ಜನ ಮೆಟ್ಟುಗತ್ತಿಯ ಮಣೆ ಮೆಟ್ಟಿಕೊಂಡು ಸಾಲಾಗಿ ಕೂತಿರುತ್ತಾರೆ. ಹಸಿ ಅಡಿಕೆಯ ಸಿಪ್ಪೆ ಚರಕ್ ಚರಕ್ ಅಂತ ಬಿಡುತ್ತಾ ಇರುತ್ತದೆ. ಕಥೆ ಸಪ್ಪೆಯಾದರೆ ಆ ಸದ್ದಿನ ಮಧ್ಯೆ ಮಾತು ಶುರುವಾಗುತ್ತದೆ. ಯಾರ ಮನೆಗೆ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಬರಲಿಲ್ಲ, ಯಾರ ತೋಟಕ್ಕೆ ಕೊಳೆ ರೋಗ ಬಂತು, ಹೀಗೆ. ಕಥೆ ಹಿಡಿದರೆ ಮಾತು ನಿಲ್ಲುತ್ತದೆ. ತುಂಬಾ ಹಿಡಿದರೆ ಕತ್ತಿಯೇ ನಿಲ್ಲುತ್ತದೆ. ಆ ರಾತ್ರಿ ಡಬ್ಬ ಕಡಿಮೆ ತುಂಬುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲು ಒಂದೇ ನಾಯಕಿಯ ಎರಡು ಕಾದಂಬರಿ. ಹೊಯ್ಸಳರ ಶಾಂತಲೆ. ಒಂದು ಕೆ.ವಿ. ಅಯ್ಯರ್ ಬರೆದ 'ಶಾಂತಲಾ'. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು ಇಷ್ಟು ಮೆತ್ತಗೆ ಬರೆದರಲ್ಲ ಅಂತ ನನಗೆ ಪ್ರತಿ ಸಲ ಅಚ್ಚರಿ. ಇನ್ನೊಂದು ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ'. ಇದು ನಾಲ್ಕು ಸಂಪುಟ. 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಬಂದದ್ದು ಇದಕ್ಕೇ.

ಅಯ್ಯರ್ ಅವರದು ಒಂದೇ ಸಂಪುಟ, ಓಟ ಚೆನ್ನಾಗಿದೆ. ಅಲ್ಲಿ ನನ್ನನ್ನು ಹಿಡಿದದ್ದು ಶಾಂತಲೆ ಮತ್ತು ಲಕ್ಷ್ಮಿಯ ಸ್ನೇಹ. ಇಬ್ಬರು ಗೆಳತಿಯರು, ಇಬ್ಬರಿಗೂ ಒಬ್ಬನೇ ಅರಸ. ಇಂಥ ಕಡೆ ಸವತಿ ಮತ್ಸರ ತಂದು ಮುಗಿಸಿಬಿಡುವುದು ಸುಲಭ. ಅವರು ಹಾಗೆ ಮಾಡಿಲ್ಲ. ಓದುತ್ತಾ ಹೋದ ಹಾಗೆ ದೊಡ್ಡಮ್ಮನ ಪಕ್ಕದಲ್ಲಿ ಕೂತಿದ್ದವರು ಸೆರಗು ಕಣ್ಣಿಗೆ ಒತ್ತಿಕೊಂಡರು. ಎರಡು ವಾರಾಂತ್ಯದಲ್ಲಿ ಮುಗಿಯಿತು. ಮೊದಲ ಸಲ ಇಂಥ ಕಾದಂಬರಿ ಹಿಡಿಯುವವರಿಗೆ ನಾನು ಕೊಡುವುದು ಇದನ್ನೇ.

ನಾಗರಾಜರಾವ್ ಅವರದು ಬೇರೆ ನಡಿಗೆ. ಆರಾಮಾಗಿ ಸಾಗುತ್ತದೆ. ಒಂದು ಔತಣ, ಒಂದು ಪಾಠ, ಒಂದು ಪಯಣ ಎಲ್ಲವೂ ಪುಟಗಟ್ಟಲೆ. ಆದರೆ ನಮ್ಮವರಿಗೆ ಮೊದಲ ರಾತ್ರಿಯೇ ಹಿಡಿಸಿತು. ಕಾರಣ ಜಾಗ. ಶಾಂತಲೆಯ ಬಾಲ್ಯ ನಡೆಯುವುದು ಬಳ್ಳಿಗಾವಿಯಲ್ಲಿ, ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿ. ಅಪ್ಪ ಮಾರಸಿಂಗಯ್ಯ ಅಲ್ಲಿನ ಹೆಗ್ಗಡೆ. ಚಾಲುಕ್ಯರ ರಾಣಿ ಚಂದಲದೇವಿ ಗುರುತು ಮರೆಸಿಕೊಂಡು ಇವರ ಮನೆಯಲ್ಲೇ ಉಳಿಯುತ್ತಾಳೆ. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ನೋಡಿದವರು ನಮ್ಮಲ್ಲಿ ನಾಲ್ಕು ಜನ ಇದ್ದರು. "ಅಲ್ಲೇ ಆ ಕೆರೆ ಹತ್ರ ಇರಬೇಕು ಅವರ ಮನೆ" ಅಂತ ಲೆಕ್ಕ ಹಾಕಿದರು. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ಶಿಲ್ಪಿಗಳು ದಾಸೋಜ, ಚಾವಣರೂ ಬಳ್ಳಿಗಾವಿಯವರೇ ಅಂತ ನಾನು ಹೇಳಿದಾಗ ಎಲ್ಲರಿಗೂ ಏನೋ ಹೆಮ್ಮೆ.

ಇಲ್ಲಿ ಪ್ರೀತಿ ನಿಧಾನ. ಬಿಟ್ಟಿದೇವ, ಅಂದರೆ ಮುಂದೆ ವಿಷ್ಣುವರ್ಧನ ಆದವನು, ಅರಸುಮಗ; ಇವಳು ಹೆಗ್ಗಡೆಯ ಮಗಳು. ನಡುವೆ ದಂಡನಾಯಕನ ಹೆಂಡತಿ ಚಾಮವ್ವೆ. ತನ್ನ ಹೆಣ್ಣುಮಕ್ಕಳನ್ನು ಅರಮನೆಗೆ ಸೇರಿಸಬೇಕು ಅಂತ ಅವಳು ಹೂಡುವ ಆಟ ಒಂದೆರಡಲ್ಲ. ಚಾಮವ್ವೆ ಬಂದಾಗೆಲ್ಲ ಮೆಟ್ಟುಗತ್ತಿಗಳು ಜೋರಾಗುತ್ತಿದ್ದವು. ಆ ಮೂರು ಜನ ಅಕ್ಕತಂಗಿಯರನ್ನು ಬಿಟ್ಟಿದೇವನ ಅಣ್ಣ ಬಲ್ಲಾಳ ಒಂದೇ ಹಂದರದಲ್ಲಿ ಮದುವೆಯಾದ ಅಂತ ಶಾಸನ ಹೇಳುತ್ತದೆ, ಅದು 1103. ಕಥೆಗಾರ ಕಟ್ಟಿದ್ದಲ್ಲ.

ಇವೆರಡರಲ್ಲಿ ನನಗೆ ಯಾವುದು ಹೆಚ್ಚು? ಮನಸ್ಸು ಕರಗುವುದು ಅಯ್ಯರ್ ಅವರಲ್ಲಿ. ಆದರೆ ಜೊತೆಯಲ್ಲಿ ಬದುಕಿದ ಹಾಗೆ ಆಗುವುದು ನಾಗರಾಜರಾವ್ ಅವರಲ್ಲಿ. ಇನ್ನೊಂದು ಮಾತೂ ಇದೆ. ಶಾಂತಲೆ ಜೈನಳು. ವಿಷ್ಣುವರ್ಧನ ವೈಷ್ಣವನಾದ, ಅವಳು ಕೊನೆವರೆಗೂ ಜೈನಳಾಗಿಯೇ ಉಳಿದಳು. ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು, ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದಳು. ಗಂಡ ಒಂದು ದಾರಿ, ತಾನು ಒಂದು ದಾರಿ, ಆದರೂ ಮನೆ ಒಂದೇ. ಈ ಒಂದು ಎಳೆ ಸಾಕು, ಎಷ್ಟು ಪುಟ ಬೇಕಾದರೂ ಓದಬಹುದು. 1131ರಲ್ಲಿ ಅವಳು ತೀರಿಕೊಂಡದ್ದು ಶಿವಗಂಗೆಯಲ್ಲಿ. ಬೆಟ್ಟದಿಂದ ಹಾರಿದಳು ಅನ್ನುವ ಜನರ ಕಥೆ ನಮ್ಮ ದೊಡ್ಡಮ್ಮನಿಗೂ ಗೊತ್ತಿತ್ತು. "ಅದನ್ನ ಮಾತ್ರ ಓದಬೇಡ" ಅಂತ ಮೊದಲೇ ಹೇಳಿಬಿಟ್ಟಿದ್ದರು.

ಇದರ ಎದುರು ಫೋನಿನ ಕಥೆಗಳನ್ನೂ ಪ್ರಯತ್ನ ಮಾಡಿದೆ. ತಂಗಿಯ ಮಗಳು ದಿನಕ್ಕೊಂದು ಕಂತು ಬರುವ ಧಾರಾವಾಹಿ ತೋರಿಸಿದಳು. ರಾಜಕುಮಾರಿ, ಸೇನಾಪತಿ, ಕಾಡು, ಮಳೆ. ದುಡ್ಡಿಲ್ಲ, ಬೇಕಾದಷ್ಟು ಸಿಗುತ್ತದೆ. ನಾಲ್ಕು ಕಂತು ಓದಿದೆ. ಅದರಲ್ಲಿ ಹೊಯ್ಸಳರ ಅಡುಗೆಮನೆಗೆ ಕೆಂಪು ಮೆಣಸಿನಕಾಯಿ ಚಟ್ನಿ ಬಂತು. ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಜೊತೆ, ಅದಕ್ಕೆ ಇನ್ನೂ ನಾಲ್ಕು ನೂರು ವರ್ಷ ಬೇಕು. ಅಲ್ಲಿವರೆಗೆ ಖಾರ ಅಂದರೆ ನಮ್ಮ ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಆ ಕಾಳಿನ ಬಲದಿಂದ. ನಮ್ಮ ತೋಟದ ಮರಕ್ಕೆ ಇವತ್ತೂ ಹಬ್ಬಿರುವ ಬಳ್ಳಿ ಅದು.

ಚಟ್ನಿಯನ್ನು ಬಿಟ್ಟುಬಿಡೋಣ. ದೊಡ್ಡಮ್ಮ ಹಿಡಿದ ತಪ್ಪು ಅದಕ್ಕಿಂತ ದೊಡ್ಡದು. ರಾಜಕುಮಾರಿ ರಾತ್ರಿ ಒಬ್ಬಳೇ ಕುದುರೆ ಏರಿ ಸೇನಾಪತಿಯ ಹತ್ತಿರ ಹೋಗುತ್ತಾಳೆ, ಬೆಳಿಗ್ಗೆ ವಾಪಸು ಬರುತ್ತಾಳೆ, ಯಾರೂ ಏನೂ ಕೇಳುವುದಿಲ್ಲ. "ಅವಳಿಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಅಂದರು. ಅಲ್ಲಿಗೆ ಓದು ನಿಂತಿತು. ನನಗೂ ಆಗಲೇ ಹೊಳೆದದ್ದು. ಈ ಬಗೆಯ ಕಾದಂಬರಿಯಲ್ಲಿ ಇಬ್ಬರಿಗೆ ಅಡ್ಡ ಬರುವುದು ಆ ಕಾಲವೇ ಆಗಿರಬೇಕು. ಆ ಕಾಲದ ಕುಲ, ಆಸ್ತಿ, ಧರ್ಮ, ಹಿರಿಯರ ಮಾತು. ಅದು ಅಡ್ಡ ನಿಲ್ಲದಿದ್ದರೆ ರೇಷ್ಮೆ ಉಟ್ಟ ಇವತ್ತಿನ ಹುಡುಗ ಹುಡುಗಿ ಅಷ್ಟೇ.

ಇಂಗ್ಲೆಂಡಿನ ಕಥೆಗಳು ನಮ್ಮ ಅಂಗಳದಲ್ಲಿ ಗೆದ್ದದ್ದೂ ಇದೇ ಕಾರಣಕ್ಕೆ. ಜಾರ್ಜೆಟ್ ಹೇಯರ್ ಅಂತ ಒಬ್ಬರು. 1921ರಲ್ಲಿ ಮೊದಲ ಕಾದಂಬರಿ ತಂದರು, 1974ರಲ್ಲಿ ತೀರಿಕೊಂಡರು. ಅವರ ಎಷ್ಟೋ ಕಥೆಗಳು ರೀಜೆನ್ಸಿ ಕಾಲದವು. ಅಂದರೆ 1811ರಿಂದ 1820. ದೊರೆಗೆ ಬುದ್ಧಿ ಸ್ಥಿಮಿತ ತಪ್ಪಿ ಮಗ ಆಡಳಿತ ನೋಡಿಕೊಂಡ ಹೊತ್ತು. ಆಗ ನಮ್ಮಲ್ಲಿ ಕೆಳದಿ ಅರಸರ ಬಿದನೂರು, ಈಗಿನ ನಗರ, ಕೈಬಿಟ್ಟು ಐವತ್ತು ವರ್ಷ ಆಗಿತ್ತು, ಆ ನಗರದ ರೈತರ ದಂಗೆಗೆ ಇನ್ನೂ ಹತ್ತಿಪ್ಪತ್ತು ವರ್ಷ ಇತ್ತು. ಹೀಗೆ ಹೇಳಿದರೆ ಕೇಳುವವರಿಗೆ ಕಾಲ ಕೈಗೆ ಸಿಗುತ್ತದೆ.

ನಾನು ಒಂದು ಕಾದಂಬರಿಯನ್ನು ಮನಸ್ಸಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ಆಸ್ತಿಯೆಲ್ಲ ಹಿರಿಮಗನಿಗೆ. ಹೆಣ್ಣಿಗೆ ಮದುವೆ ಬಿಟ್ಟರೆ ಬೇರೆ ದಾರಿ ಇಲ್ಲ. ಒಬ್ಬ ಗಂಡಸಿನ ಜೊತೆ ಒಂಟಿಯಾಗಿ ಕಂಡರೆ ಹೆಸರು ಹೋಯಿತು. "ಇಲ್ಲಿಯೂ ಹಿಂಗೇ ಇತ್ತಲ್ಲ" ಅಂದರು ದೊಡ್ಡಮ್ಮ, ಕತ್ತಿ ನಿಲ್ಲಿಸಿ. ಇಬ್ಬರೂ ಮಾತಿನಲ್ಲೇ ಜಗಳ ಆಡುತ್ತಾ ಹತ್ತಿರ ಬರುತ್ತಾರೆ. ಆ ಮಾತಿನ ಚುರುಕು ಹೇಯರ್ ಅವರ ದೊಡ್ಡ ಬಲ. ಕಷ್ಟ ಎಲ್ಲಿ ಅಂದರೆ, ಗಾಡಿಗಳಿಗೆ, ಬಟ್ಟೆಗಳಿಗೆ ನೂರೆಂಟು ಹೆಸರು. ಗಟ್ಟಿಯಾಗಿ ಹೇಳುವಾಗ ಅವನ್ನೆಲ್ಲ "ಎರಡು ಕುದುರೆ ಗಾಡಿ" ಅಂತ ಮಾಡಿ ದಾಟಿಸಿದೆ. ಇಂಗ್ಲಿಷ್ ಓದುವವರು ಒಬ್ಬರೇ ಕೂತು ಓದಿ, ಇನ್ನೂ ಜಾಸ್ತಿ ಖುಷಿ ಸಿಗುತ್ತದೆ. ನಗು ಬೇಕಾದಾಗ ನಾನು ಹೋಗುವುದು ಇಲ್ಲಿಗೇ.

ದುರ್ಗದ ಕಥೆ ಬೇಕು ಅನ್ನುವವರಿಗೆ ತ.ರಾ.ಸು. ಇದ್ದಾರೆ. 'ದುರ್ಗಾಸ್ತಮಾನ' ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲಿ ಕೋಟೆಯೇ ನಾಯಕಿ. ಪ್ರೀತಿ ಹುಡುಕಿಕೊಂಡು ಹೋದವರಿಗೆ ಅರ್ಧ ಹಸಿವು ಉಳಿಯುತ್ತದೆ. ಮಾಸ್ತಿಯವರ 'ಚೆನ್ನಬಸವನಾಯಕ' ನಮ್ಮದೇ ಬಿದನೂರಿನದು, ಈಗಿನ ಹೊಸನಗರ ತಾಲ್ಲೂಕಿನ ನಗರ. ರಾಣಿ ವೀರಮ್ಮಾಜಿಯ ಮನಸ್ಸು ಹೋದ ದಾರಿ, ಅದರ ಹಿಂದೆ ಹೋದ ರಾಜ್ಯ. ಮುಗಿಯುವ ಹೊತ್ತಿಗೆ ಎದೆ ಭಾರ. 1763ರಲ್ಲಿ ಹೈದರಾಲಿ ಬಂದ ಅಂತ ಪಾಠದಲ್ಲಿ ಓದಿದ್ದಕ್ಕೂ ಇದಕ್ಕೂ ತುಂಬಾ ದೂರ. ಓದಲೇಬೇಕಾದ ಪುಸ್ತಕ, ಆದರೆ ಖುಷಿಗಾಗಿ ಹುಡುಕುವಾಗ ಇದನ್ನು ಹಿಡಿಯಬೇಡಿ.

ಇನ್ನು ಒಂದು ರಾತ್ರಿಯ ವಿಷಯ ಹೇಳಬೇಕು. ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ರತಿಯಲ್ಲಿ ಸರಿಯಾಗಿ 16 ಪುಟ ಖಾಲಿ. ಅಚ್ಚೇ ಬಿದ್ದಿಲ್ಲ, ಬಿಳಿ ಹಾಳೆ. ಇಬ್ಬರೂ ಆಗ ತಾನೇ ಗುಡಿಯ ಹಿಂದೆ ಎದುರಾಗಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ವಾಪಸು ಮಾಡಲು ಮೂರು ಸಲ ಬರೆದೆ, ಉತ್ತರ ಬರಲಿಲ್ಲ. ಅವತ್ತಿನಿಂದ ದೊಡ್ಡ ಕಾದಂಬರಿಯನ್ನು ಅಂಗಡಿಯಲ್ಲಿ ಪುಟ ತಿರುವಿ ನೋಡಿಯೇ ತರುತ್ತೇನೆ. ಇಲ್ಲವೇ ಗ್ರಂಥಾಲಯದಿಂದ. ಅಲ್ಲಿನ ಹಳೆಯ ಪ್ರತಿಯಲ್ಲಿ ಪುಟ ಹೋಗಿದ್ದರೆ ನಮಗಿಂತ ಮೊದಲು ಓದಿದವರು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಾರೆ.

ಆ ರಾತ್ರಿ ದೊಡ್ಡಮ್ಮನೇ ಕಥೆ ಹೇಳಿದರು. ಚಂಪಕ ಸರಸಿಯದು. ನಮ್ಮ ರೈಲು ಆನಂದಪುರದಲ್ಲಿ ನಿಲ್ಲುತ್ತದಲ್ಲ, ಅಲ್ಲೇ ಹತ್ತಿರದ ಮಲಂದೂರಿನ ಕೊಳ. ಮೆಟ್ಟಿಲ ಹತ್ತಿರ ಕಲ್ಲಿನ ಆನೆಗಳಿವೆ. ಕೆಳದಿಯ ವೆಂಕಟಪ್ಪ ನಾಯಕ ದಿನಾ ಒಂದು ದಾರಿಯಲ್ಲಿ ಹೋಗುವಾಗ ಚೆಂದದ ರಂಗೋಲಿ ನೋಡುತ್ತಿದ್ದನಂತೆ. ಹಾಕಿದವಳು ಚಂಪಕಾ. ರಂಗೋಲಿ ನೋಡಿ ಮನಸ್ಸು ಸೋತ, ಮದುವೆಯಾದ. ರಾಣಿ ಭದ್ರಮ್ಮ ಅನ್ನ ಬಿಟ್ಟಳು. ತನ್ನಿಂದ ಅರಮನೆ ಒಡೆಯಿತಲ್ಲ ಅಂತ ಚಂಪಕಾ ಹಾಲಿನಲ್ಲಿ ವಜ್ರದ ಪುಡಿ ಕುಡಿದಳು. ಅರಸ ಅವಳ ನೆನಪಿಗೆ ಕೊಳ ಕಟ್ಟಿಸಿದ.

ಇದು ಜನ ಹೇಳುವ ಕಥೆ. ಆದರೆ 1623ರಲ್ಲಿ ಕೆಳದಿ ಅರಸರ ಅಂದಿನ ರಾಜಧಾನಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ವೆಂಕಟಪ್ಪ ನಾಯಕನ ಬಗ್ಗೆ, ರಾಣಿ ಭದ್ರಮ್ಮನ ಬಗ್ಗೆ ಬರೆದಿದ್ದಾನೆ. ಅರಸನಿಗೆ ಬೇರೊಬ್ಬಳ ಸಂಗ ಇದೆ ಅಂತ ತಿಳಿದ ಮೇಲೆ ರಾಣಿ ಅವನ ಜೊತೆ ಹೆಂಡತಿಯಾಗಿ ಬಾಳುವುದನ್ನೇ ಬಿಟ್ಟಳು ಅನ್ನುತ್ತಾನೆ. ಅವನು ಹೇಳುವ ಆ ಹೆಂಗಸು ಚಂಪಕಾ ಅಲ್ಲ, ಒಬ್ಬ ಮುಸ್ಲಿಂ ಹೆಂಗಸು. ಆದರೂ ಹಟ ಹಿಡಿದ ಆ ರಾಣಿ ಎರಡು ಕಡೆಯೂ ಇದ್ದಾಳೆ. ಇದನ್ನು ಹೇಳಿದಾಗ ಒಂದು ಕತ್ತಿಯೂ ಅಲುಗಲಿಲ್ಲ.

ಕೊನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ಮೇಲಿನದು, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಇದರಲ್ಲಿ ರಾಜರಿಲ್ಲ. ಇದು ಐತಿಹಾಸಿಕ ಕಾದಂಬರಿಯೇ ಅಲ್ಲ ಅನ್ನುವವರು ಇದ್ದಾರೆ. ಆದರೆ 1967ರಲ್ಲಿ ಬಂದ ಈ ಪುಸ್ತಕದ ಕಾಲ 19ನೇ ಶತಮಾನದ ಕೊನೆ, ಜಾಗ ತೀರ್ಥಹಳ್ಳಿಯ ಸುತ್ತಿನ ಕಾಡು. ಬೇರೆಯವನ ಜೊತೆ ಮದುವೆ ಗೊತ್ತಾದ ತಿಮ್ಮಿಯನ್ನು ಗುತ್ತಿ ಹಾರಿಸಿಕೊಂಡು ಹೊರಡುತ್ತಾನೆ. ಸಿಂಬಾವಿ ಭರಮೈಹೆಗ್ಗಡೆಯ ಜೊತೆ ನಿಂತ ಮದುವೆ ಬಿಟ್ಟು ಹೂವಳ್ಳಿ ಚಿನ್ನಮ್ಮ ಕತ್ತಲಲ್ಲಿ ಮನೆ ಬಿಡುತ್ತಾಳೆ, ಮುಕುಂದಯ್ಯನಿಗಾಗಿ. ಒಡೆಯರ ಕೈಯಲ್ಲಿ ಆಳಿನ ಮದುವೆ, ಅಪ್ಪನ ಕೈಯಲ್ಲಿ ಮಗಳ ಮದುವೆ. ನಾನು ಹೇಳಿದ ಅಡ್ಡಗೋಡೆ ಇದಕ್ಕಿಂತ ಗಟ್ಟಿಯಾಗಿ ಬೇರೆ ಎಲ್ಲೂ ಕಂಡಿಲ್ಲ. ಶುರುವಿನಲ್ಲಿ ಹೆಸರುಗಳು ಜಾಸ್ತಿ, ತಲೆ ತಿರುಗುತ್ತದೆ. ನೂರು ಪುಟ ತಾಳಿಕೊಳ್ಳಿ.

ತುಂಗೆಯ ನೆರೆಯಲ್ಲಿ ಗುತ್ತಿಯ ನಾಯಿ ಹುಲಿಯ ಕೊಚ್ಚಿಹೋಗುವ ಭಾಗ ಓದಿದ್ದು ಡಿಸೆಂಬರಿನ ಒಂದು ರಾತ್ರಿ. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ. ನನ್ನ ದನಿ ಕಟ್ಟಿತು. ಯಾರೂ ಮುಂದೆ ಓದು ಅನ್ನಲಿಲ್ಲ. ನಮ್ಮ ಮನೆಯ ನಾಯಿ ಕರಿಯ ಜಗಲಿಯ ಮೂಲೆಯಲ್ಲಿ ಮಲಗಿದ್ದ. ದೊಡ್ಡಮ್ಮ ಎದ್ದು ಹೋಗಿ ಅವನ ಮೇಲೆ ಒಂದು ಗೋಣಿ ಹೊದಿಸಿ ಬಂದರು.

ಈ ಸಲದ ಕೊನೆಕೊಯ್ಲಿಗೆ ಶಾಂತಲದೇವಿಯ ನಾಲ್ಕನೇ ಸಂಪುಟ ಬಾಕಿ ಇದೆ. ಶಿವಮೊಗ್ಗದಲ್ಲಿ ಕೊಂಡು, ಪುಟ ಎಲ್ಲ ತಿರುವಿ ನೋಡಿ, ಚೀಲದಲ್ಲಿ ಇಟ್ಟುಕೊಂಡಿದ್ದೇನೆ.