ಫುಟ್‌ಬಾಲ್ ಆಡಾಕ ಹೊರದೇಶಕ್ಕ ಕಳಸ್ತೀನಿ ಅನ್ನೋರಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ

2 ಲಕ್ಷ 30 ಸಾವಿರ ಹೋಯ್ತ್ರಿ. ನಂದಲ್ಲ, ನಮ್ಮ ಅಕ್ಕಂದು, ತೊಗರಿ ಮಾರಿ ಇಟ್ಟಿದ್ದ ರೊಕ್ಕ. ಕೊಡ್ಸಿದಾಂವ ನಾನು, ಈಗ ಅಕ್ಕನ ಮುಖ ನೋಡಾಕ ಆಗವಲ್ದು. ನಾಚಿಕಿ ಆಗಿ ಹದಿನೈದು ದಿನ ಸುಮ್ನ ಕುಂತಿದ್ದೆ, ಆದ್ರ ರೊಕ್ಕ ತಗೊಂಡ ಆ ಏಜೆಂಟ್ ಇನ್ನೂ ಹುಡುಗರನ್ನ ಹಿಡ್ಯಾಕತ್ಯಾನ ಅಂತ ಗೊತ್ತಾದ ಮ್ಯಾಲ ಬರೀದೆ ಇರಾಕ ಆಗ್ಲಿಲ್ಲ.

ಅಕ್ಕನ ಮಗಗ 17 ವರ್ಷ. ಕಲಬುರಗಿ ಸ್ಟೇಡಿಯಂನಾಗ ದಿನಾ ಮುಂಜಾನೆ ಆಡ್ತಾನ, ಎಡಗಾಲಿನ ಹುಡುಗ, ವಿಂಗ್‌ನಾಗ ಓಡಿದ್ರ ಹಿಡಿಯೋರಿಲ್ಲ. ಅಲ್ಲೇ ಬಂದು ಗಂಟು ಬಿದ್ದ ಇಂವ. ಟ್ರ್ಯಾಕ್ ಸೂಟು, ಕೊರಳಾಗ ಐಡಿ ಕಾರ್ಡು. 'ನಾನು ಪ್ಲೇಯರ್ಸ್ ಏಜೆಂಟ್ ಸರ್, ಪೋರ್ಚುಗಲ್ ಕ್ಲಬ್ ಜೊತಿ ನಮ್ದು ಟೈಅಪ್ ಅದ. ಸುನಿಲ್ ಛೆಟ್ರಿ 2012ರಾಗ ಪೋರ್ಚುಗಲ್ಲಿಗೇ ಹೋಗಿದ್ದ, ಗೋಲ್‌ಕೀಪರ್ ಗುರ್‌ಪ್ರೀತ್ 2014ರಾಗ ನಾರ್ವೆಗೆ ಹೋದ, ನಿಮ್ಮ ಹುಡುಗ ಯಾಕ ಹೋಗಬಾರ್ದು?' ಅಂದ. ಎರಡೂ ಖರೇನೇ, ಅದಕ್ಕೇ ನಂಬಿದೆ. ಆದ್ರ ಛೆಟ್ರಿ ಆಗ ಇಂಡಿಯಾ ಟೀಮಿನ ಪ್ಲೇಯರ್ರಿ! ಅಷ್ಟಾದ್ರೂ 2009ರಾಗ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತಿ ಸಹಿ ಮಾಡಿದ್ರೂ, ಫಿಫಾ ರ್‍ಯಾಂಕಿಂಗ್‌ನಾಗ ಇಂಡಿಯಾ ಮೊದಲ 70ರೊಳಗ ಇಲ್ಲ ಅಂತ ಅಲ್ಲಿ ವರ್ಕ್ ಪರ್ಮಿಟ್ ಕೊಡ್ಲಿಲ್ಲ. ಇದು ನಂಗ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಹುಡುಗಗ ಸಿಗ್ತದ ಅಂತ ನಂಬಿದೆನಲ್ಲ, ಅದೇ ಸಂಕಟ.

ಮೊದಲು ಟ್ರಯಲ್ ರಿಜಿಸ್ಟ್ರೇಷನ್ ಅಂತ 25 ಸಾವಿರ. ಆಮ್ಯಾಲ ವೀಸಾ ಮತ್ತ ಕ್ಲಬ್ಬಿನ ಇನ್ವಿಟೇಷನ್ ಲೆಟರ್‌ಗೆ 1 ಲಕ್ಷ 60 ಸಾವಿರ. ಲೆಟರ್ ಬಂತು, ಲೋಗೋ ಅದ, ಸಿಕ್ಕಾ ಅದ, ಮನ್ಯಾಗ ಎಲ್ಲರೂ ನೋಡಿ ಪೇಢೆ ಹಂಚಿದ್ರು. ಮೇಲ್ ಬಂದಿದ್ದು ಜಿಮೇಲ್‌ನಿಂದ, ಅದನ್ನ ಯಾರೂ ನೋಡ್ಲಿಲ್ಲ.

ಮೂರನೇ ಸಲ 'ಐಟಿಸಿ ಫೀಸ್ 45 ಸಾವಿರ' ಅಂದಾಗ ಸ್ವಲ್ಪ ಅನುಮಾನ ಬಂತು. ನೆಟ್‌ನಾಗ ನೋಡಿದ್ರ ಫಿಫಾ ರೂಲ್ ಪ್ರಕಾರ 18 ತುಂಬದ ಹುಡುಗನ್ನ ಹೊರದೇಶದ ಕ್ಲಬ್ಬು ರಿಜಿಸ್ಟರ್ ಮಾಡ್ಕೊಳ್ಳಂಗಿಲ್ಲ, ತಂದಿತಾಯಿ ಬ್ಯಾರೆ ಕಾರಣಕ್ಕ ಆ ದೇಶಕ್ಕ ಹೋಗಿ ಇದ್ರ ಅಂಥ ಕೆಲವು ವಿನಾಯಿತಿ ಬಿಟ್ಟು. ಕೇಳಿದೆ. ಅವನ ಉತ್ತರ ನೋಡ್ರಿ: 'ಸರ್ ಅದು ದೊಡ್ಡ ಕ್ಲಬ್ಬಿಗೆ ಅಷ್ಟೇ, ನಮ್ದು ಅಕಾಡೆಮಿ ರೂಟು.' ಲೈಸೆನ್ಸ್ ನಂಬರ್ ಕೇಳಿದೆ. 'ಆಫೀಸ್‌ನಾಗ ಅದ ಸರ್. ನಿಮಗ ನಂಬಿಕೀನೇ ಇಲ್ಲಂದ್ರ ಹುಡುಗನ ಕರಿಯರ್ ನೀವೇ ಹಾಳ್ ಮಾಡಿದಂಗ, ಬ್ಯಾರೆ ಹುಡುಗ ರೆಡಿ ಅದಾನ.'

ಸಾರಿ ಸರ್ ಅಂತ ನಾನೇ ಮೆಸೇಜ್ ಹಾಕಿದೆ. ಸಾರಿ ಕೇಳಿ 45 ಸಾವಿರ ಫೋನ್‌ಪೇ ಮಾಡಿದೆ. ಅದನ್ನ ನೆನಸಿಕೊಂಡ್ರ ರಾತ್ರಿ ನಿದ್ದಿ ಬರವಲ್ದು.

ಆಮ್ಯಾಲ ಗೊತ್ತಾಯ್ತು, ಐಟಿಸಿ ಅಂದ್ರ ಒಂದು ದೇಶದ ಫುಟ್‌ಬಾಲ್ ಸಂಸ್ಥೆ ಇನ್ನೊಂದು ದೇಶದ ಸಂಸ್ಥೆಗೆ ಕಳ್ಸೋ ವರ್ಗಾವಣೆ ಸರ್ಟಿಫಿಕೇಟು, ಅದನ್ನ ಫುಕಟ್ ಕೊಡಬೇಕು ಅಂತ ಫಿಫಾ ರೂಲ್‌ನಾಗೇ ಬರ್ದದ. ಅಷ್ಟೊತ್ತಿಗೆ ಬೀದರದ ಒಬ್ಬರ ಪರಿಚಯ ಆಯ್ತು, ಅವರ ಮಗಗೂ ಲೆಟರ್ ಬಂದದ. ಅದೇ ಕ್ಲಬ್ಬು, ಅದೇ ತಾರೀಕು, ಅದೇ ಸಹಿ, ಹುಡುಗನ ಹೆಸರಷ್ಟೇ ಬ್ಯಾರೆ. ಎರಡೂ ಕಾಗದ ಬಾಜೂಕ ಇಟ್ಟು ನೋಡ್ದಾಗ ಕೈಕಾಲು ತಣ್ಣಗಾದ್ವು.

ಫೋನ್ ಮಾಡಿದೆ. 'ವೀಸಾ ಎಂಬೆಸಿನಾಗ ಪೆಂಡಿಂಗ್ ಅದ.' ಮತ್ತ ಮಾಡಿದೆ. 'ಮೀಟಿಂಗ್‌ನಾಗ ಇದ್ದೀನಿ.' ರೊಕ್ಕ ವಾಪಸ್ ಕೊಡ್ರಿ ಅಂದ್ರ 'ನಾನ್ ರಿಫಂಡೆಬಲ್ ಅಂತ ಮೊದಲೇ ಹೇಳಿದ್ದೆ ಸರ್' ಅಂದ. ಎಲ್ಲಿ ಹೇಳಿದ್ದೋ ಮಾರಾಯಾ! ಮರುದಿನ ಡಿಪಿ ಇಲ್ಲ, ಬ್ಲಾಕು.

ಹುಡುಗ ಕೇಳ್ತಾನ, 'ಮಾಮಾ, ನಾ ಚಲೋ ಆಡ್ತೀನಿ ಅಂದಿದ್ದೂ ಸುಳ್ಳೇನು?' ಏನ್ ಹೇಳ್ಲಿ ಅವಗ.

ಯಾರರ ಏಜೆಂಟ್ ಅಂದ್ರ ಅವನ ಹೆಸರು ಫಿಫಾ ವೆಬ್‌ಸೈಟಿನ ಏಜೆಂಟ್ ಪಟ್ಟಿನಾಗ ನೀವೇ ಹುಡುಕ್ರಿ, ಪರೀಕ್ಷಾ ಪಾಸಾಗಿ ಲೈಸೆನ್ಸ್ ತಗೊಂಡವರ ಹೆಸರು ಅಲ್ಲಿರ್ತದ. ಅಂವ ಕಳ್ಸೋ ಫೋಟೋ ನಂಬಬ್ಯಾಡ್ರಿ. ರೊಕ್ಕ ಹೋಗಿದ್ರ ತಡಾ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ರಿ, ನಾ ತಡಾ ಮಾಡಿದೆ.

ಬೀದರದವರು ನಾಳೆ ಕಾಗದ, ಸ್ಕ್ರೀನ್‌ಶಾಟ್ ಎಲ್ಲಾ ಹಿಡ್ಕೊಂಡು ಬರ್ತಾರ, ಇಬ್ಬರೂ ಕೂಡಿ ಠಾಣೆಗೆ ಹೊಂಟೀವಿ. ನಿಮ್ಮ ಮನಿಗೂ ಅಂಥ ಲೆಟರ್ ಬಂದಿದ್ರ ಹೇಳ್ರಿ, ಕೂಡೇ ಹೋಗೋಣ.