ಮೈಎಸ್‌ಕ್ಯೂಎಲ್ 8ಕ್ಕೆ ಹೋದ ಮೇಲೆ ಸ್ಟ್ಯಾಕ್ ಎರರ್: ಯಾವ ಮದ್ದು ಮೊದಲು?

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ 5.7 ಆವೃತ್ತಿಯಲ್ಲಿ ವರ್ಷಗಟ್ಟಲೆ ಸುಮ್ನೆ ಓಡುತ್ತಿದ್ದ ಒಂದು ಪ್ರೊಸೀಜರ್ (ಡೇಟಾಬೇಸ್ ಒಳಗೇ ಬರೆದಿಟ್ಟ ಕೋಡ್), 8.0ಕ್ಕೆ ಹೋದ ಕೂಡಲೇ 1436 ನಂಬರಿನ ಎರರ್ ಕೊಡಲು ಶುರು ಮಾಡಿತು. 'ಥ್ರೆಡ್ ಸ್ಟ್ಯಾಕ್ ಓವರ್‌ರನ್' ಅಂತ ಆರಂಭ. ಆಮೇಲೆ ಲೆಕ್ಕ: ಸ್ಟ್ಯಾಕ್ ಇರುವುದು 196608 ಬೈಟ್, ಸಾಲದು. ಸ್ಟ್ಯಾಕ್ ಅಂದರೆ ಒಂದೊಂದು ಕನೆಕ್ಷನ್ ನಡೆಸುವ ಥ್ರೆಡ್‌ಗೆ ಕೆಲಸ ಮಾಡಲು ಮೀಸಲಿಟ್ಟ ಮೆಮೊರಿ. ಸರ್ವರ್ ಬಿದ್ದುಹೋಗುವುದಿಲ್ಲ. ಜಾಗ ಮುಗಿಯುವ ಮೊದಲೇ ಅದು ನೋಡಿಕೊಂಡು ಆ ಒಂದು ಕ್ವೆರಿಯನ್ನು ಮಾತ್ರ ನಿಲ್ಲಿಸುತ್ತದೆ. ಇದಕ್ಕೆ ಜನ ಹೇಳುವ ಮದ್ದುಗಳನ್ನು ಒಂದೊಂದಾಗಿ ಹಾಕಿ ನೋಡಿದೆ.

ಮೊದಲನೆಯದು, ಸೆಟ್ಟಿಂಗ್ ಫೈಲಿನಲ್ಲಿರುವ ಹಳೇ ಸಾಲನ್ನು ಅಳಿಸುವುದು. 196608 ಅಂದರೆ ಸರಿಯಾಗಿ 192ಕೆ (ಕಿಲೋಬೈಟ್). ಇದು 8.0ರ ಡಿಫಾಲ್ಟ್ ಅಲ್ಲವೇ ಅಲ್ಲ. ಉಬುಂಟುವಿನ ಹಳೇ ಪ್ಯಾಕೇಜಿನ ಕಾನ್ಫಿಗ್ ಫೈಲಿನಲ್ಲಿ ಥ್ರೆಡ್ ಸ್ಟ್ಯಾಕ್ 192ಕೆ ಎಂಬ ಸಾಲು ಇತ್ತು. ಅಪ್‌ಗ್ರೇಡ್ ಮಾಡುವಾಗ 'ಹಳೇ ಫೈಲನ್ನೇ ಇಟ್ಟುಕೋ' ಅಂದರೆ ಅದೂ ಜೊತೆಗೆ ಬರುತ್ತದೆ. ಈ ಅಳತೆ ಯಾವ ಫೈಲಿನಿಂದ ಬಂತು ಎಂದು ಹುಡುಕಾಡಬೇಕಿಲ್ಲ. ಮೈಎಸ್‌ಕ್ಯೂಎಲ್ ತನ್ನದೇ ಮಾಹಿತಿ ಇಡುವ ಪರ್ಫಾರ್ಮೆನ್ಸ್ ಸ್ಕೀಮಾದ ವೇರಿಯಬಲ್ಸ್ ಇನ್ಫೋ ಟೇಬಲ್ ಫೈಲಿನ ದಾರಿ ಸಮೇತ ಹೇಳುತ್ತದೆ. ಸಾಲು ತೆಗೆದು ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಓಡುತ್ತಿರುವಾಗಲೇ ಬದಲಿಸಲು ಆಗುವುದಿಲ್ಲ.

ಆದರೆ ಒಂದು ಮಾತು. ಸಾಲು ತೆಗೆದರೆ ಸಿಗುವುದು ನಿಮ್ಮ ಆವೃತ್ತಿಯ ಡಿಫಾಲ್ಟ್. 8.0.26ರವರೆಗೆ ಅದು 280ಕೆ ಮಾತ್ರ, 8.0.27ರಿಂದ 1ಎಂ (ಎಂಬಿ). ಹಳೇ 8.0ರಲ್ಲಿ ನನ್ನ ಪ್ರೊಸೀಜರ್ ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು.

ಹಾಗಾಗಿ ಎರಡನೆಯದು, ನಾವೇ 512ಕೆ ಅಥವಾ 1ಎಂ ಅಂತ ಬರೆಯುವುದು. ಪ್ರತಿ ಕನೆಕ್ಷನ್‌ಗೂ ಇಷ್ಟು ಹೋದರೆ ಮೆಮೊರಿ ಗತಿ ಏನು ಅಂತ ಭಯ ಬೀಳುವವರಿದ್ದಾರೆ. 300 ಕನೆಕ್ಷನ್ ಇದ್ದರೆ 1ಎಂ ಲೆಕ್ಕದಲ್ಲಿ 300 ಎಂಬಿ, 192ಕೆ ಲೆಕ್ಕದಲ್ಲಿ ಸುಮಾರು 56 ಎಂಬಿ. ಕಾಗದದ ಮೇಲೆ ದೊಡ್ಡ ವ್ಯತ್ಯಾಸ. ಆದರೆ ಲಿನಕ್ಸ್‌ನಲ್ಲಿ ಇದು ಕಾದಿರಿಸಿದ ವಿಳಾಸ ಅಷ್ಟೇ. ಥ್ರೆಡ್ ನಿಜವಾಗಿ ಮುಟ್ಟಿದ ಪುಟಗಳಿಗೆ ಮಾತ್ರ ರ‍್ಯಾಮ್ ಖರ್ಚಾಗುತ್ತದೆ. ನಮ್ಮ ಸರ್ವರ್‌ನಲ್ಲಿ ಬದಲಾವಣೆ ಕಣ್ಣಿಗೆ ಬೀಳುವಷ್ಟೂ ಇರಲಿಲ್ಲ. ಇದಕ್ಕಾಗಿ ಜಿಪುಣತನ ಬೇಡ.

ಮೂರನೆಯದು ಕೋಡ್ ತಿದ್ದುವುದು. ಕೆಲಸ ಜಾಸ್ತಿ, ನನಗೆ ಹಿಡಿಸಿದ್ದೂ ಇದೇ. ನಮ್ಮ ಪ್ರೊಸೀಜರ್ ಸರಕಿನ ವರ್ಗ, ಉಪವರ್ಗ ಅಂತ ಕೆಳಕ್ಕೆ ಇಳಿಯುತ್ತಾ ತನ್ನನ್ನು ತಾನೇ ಕರೆಯುತ್ತಿತ್ತು. ಹೀಗೆ ಕರೆಯಲು (ಇದೇ ರಿಕರ್ಶನ್) ಮ್ಯಾಕ್ಸ್ ಎಸ್‌ಪಿ ರಿಕರ್ಶನ್ ಡೆಪ್ತ್ ಎಂಬ ಸೆಟ್ಟಿಂಗ್ ಏರಿಸಬೇಕು, ಅದರ ಡಿಫಾಲ್ಟ್ 0, ಗರಿಷ್ಠ 255. ಒಂದೊಂದು ಮೆಟ್ಟಿಲು ಇಳಿದಾಗಲೂ ಸ್ಟ್ಯಾಕ್‌ನ ಒಂದು ತುಂಡು ಹೋಗುತ್ತದೆ. 5.7ರಲ್ಲಿ ಬೇರೆ ಸುಲಭದ ದಾರಿ ಇರಲಿಲ್ಲ. 8.0ರಲ್ಲಿ ವಿತ್ ರಿಕರ್ಸಿವ್ ಎಂಬ ಕ್ವೆರಿ ಬಗೆ ಇದೆ. ಅದು ಒಳಗೆ ಇಳಿಯುವುದಿಲ್ಲ, ಸುತ್ತು ಸುತ್ತಾಗಿ ತಾತ್ಕಾಲಿಕ ಟೇಬಲ್ ತುಂಬುತ್ತಾ ಹೋಗುತ್ತದೆ. ಆದ್ದರಿಂದ ಮರ ಎಷ್ಟು ಆಳವಿದ್ದರೂ ಸ್ಟ್ಯಾಕ್‌ಗೆ ತೊಂದರೆಯಿಲ್ಲ. 1000 ಸುತ್ತಿನ ಡಿಫಾಲ್ಟ್ ಮಿತಿ ಇದೆ. ಡೇಟಾದಲ್ಲಿ ಅಪ್ಪ ಮಗನಾಗಿ, ಮಗ ಅಪ್ಪನಾಗಿ ಸುತ್ತು ಹಾಕಿಕೊಂಡಿದ್ದರೆ ಆ ಮಿತಿಯೇ ಹಿಡಿದುಕೊಡುತ್ತದೆ.

ಪ್ರತಿ ಮೆಟ್ಟಿಲಲ್ಲೂ ಬೇರೆ ಟೇಬಲ್‌ಗೆ ಬರೆಯುವ ಪ್ರೊಸೀಜರ್ ಆದರೆ ಇದು ನೇರವಾಗಿ ಒಗ್ಗುವುದಿಲ್ಲ. ಅಲ್ಲಿ ಮೊದಲು ಪಟ್ಟಿ ತೆಗೆದು, ಆಮೇಲೆ ಕರ್ಸರ್‌ನಲ್ಲಿ (ಸಾಲುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ವಿಧಾನ) ಬರೆಯಬೇಕು.

ನನ್ನ ಕ್ರಮ ಇಷ್ಟು: ಸಾಲು ಅಳಿಸಿ, ಆವೃತ್ತಿ 8.0.26 ಅಥವಾ ಅದಕ್ಕಿಂತ ಹಳೆಯದಾದರೆ ಮಾತ್ರ 1ಎಂ ಬರೆಯಿರಿ, ಬಿಡುವಾದಾಗ ರಿಕರ್ಶನ್ ತೆಗೆದುಹಾಕಿ.

ಇನ್ನು 'ಯುಲಿಮಿಟ್ ಏರಿಸಿ', ಅಂದರೆ ಲಿನಕ್ಸ್ ಒಂದು ಪ್ರೊಸೆಸ್‌ಗೆ ಹಾಕುವ ಮಿತಿಯನ್ನು ಏರಿಸಿ, ಎನ್ನುವ ಸಲಹೆ. ಅದೂ ಮಾಡಿ ನೋಡಿದೆ, ಎರರ್ ಒಂದು ಬೈಟ್ ಕೂಡ ಅಲುಗಲಿಲ್ಲ. ಮೈಎಸ್‌ಕ್ಯೂಎಲ್ ತನ್ನ ಥ್ರೆಡ್‌ಗಳ ಸ್ಟ್ಯಾಕ್ ಅಳತೆಯನ್ನು ತಾನೇ ನಿಗದಿ ಮಾಡುತ್ತದೆ. ಆ ಸಲಹೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನವರಿಗೆ ಸರಿ. ಅಲ್ಲಿ ಕನೆಕ್ಷನ್‌ಗೊಂದು ಪ್ರೊಸೆಸ್, ಮ್ಯಾಕ್ಸ್ ಸ್ಟ್ಯಾಕ್ ಡೆಪ್ತ್ ಡಿಫಾಲ್ಟ್ 2 ಎಂಬಿ. ಅದನ್ನು ಏರಿಸುವಾಗ ಯುಲಿಮಿಟ್‌ಗಿಂತ ಸುಮಾರು 1 ಎಂಬಿ ಕೆಳಗೇ ಇಡಬೇಕು. ಮಿತಿ 8 ಎಂಬಿ ಇದ್ದರೆ 7ರ ಮೇಲೆ ಹೋಗಬೇಡಿ.