ವೈಫೈ ಕ್ಯಾಮೆರಾ ಹಾಕಿಸಿದವರು ಇವತ್ತೇ ರೂಟರ್ ಸೆಟ್ಟಿಂಗ್ ತೆರೆದು ನೋಡಿ

ದೂರದಲ್ಲಿ ಕುಳಿತು ಮನೆಬಾಗಿಲು, ಮಲಗಿದ ಮಗು, ವಯಸ್ಸಾದ ಅಪ್ಪ ಅಮ್ಮನನ್ನು ಮೊಬೈಲಿನಲ್ಲೇ ನೋಡಿಕೊಳ್ಳಲು ವೈಫೈ ಕ್ಯಾಮೆರಾದಿಂದ ನಿಜಕ್ಕೂ ಅನುಕೂಲವಿದೆ. ಬೇಡವೆಂದು ಹೇಳುತ್ತಿಲ್ಲ. ಆದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಚಿತ್ರ ಬಂತೆಂದು ಅಲ್ಲಿಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಜಗತ್ತು ಈಗಾಗಲೇ ನೋಡಿದೆ.

2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಇಂಟರ್ನೆಟ್ ತುಂಬ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ), ರೂಟರ್‌ಗಳನ್ನು ಹುಡುಕಿಕೊಂಡು ಹೋಯಿತು. ಸಾಧನವನ್ನು ದೂರದಿಂದ ನಿಯಂತ್ರಿಸುವ ಟೆಲ್ನೆಟ್ ಎಂಬ ಹಳೆಯ ವ್ಯವಸ್ಥೆಯ ಪೋರ್ಟ್ (ನೆಟ್‌ವರ್ಕ್ ಬಾಗಿಲು) 23 ಅಥವಾ 2323 ತೆರೆದಿದೆಯೇ ನೋಡುವುದು, ಕಾರ್ಖಾನೆಯಲ್ಲೇ ಇಟ್ಟ ಅರವತ್ತು ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡುವುದು, ಅಷ್ಟೇ ಅದರ ಕೆಲಸ. ಎರಡಕ್ಕೂ 'ಅಡ್ಮಿನ್' ಎಂದೇ ಇದ್ದ ಸಾಧನಗಳು ಸಾಕಷ್ಟಿದ್ದವು. ಹೀಗೆ ವಶವಾದ ಸಾಧನಗಳು ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರನ್ನು ಅದರ ನೆಟ್ ವಿಳಾಸಕ್ಕೆ ಜೋಡಿಸುವ ಸೇವೆ) ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿ ಹಲವು ತಾಣಗಳು ಗಂಟೆಗಟ್ಟಲೆ ತೊಂದರೆಗೆ ಸಿಕ್ಕವು. ಕ್ಯಾಮೆರಾ ಮಾಲೀಕರಿಗೆ ಮಾತ್ರ ಸುಳಿವೇ ಇಲ್ಲ, ಚಿತ್ರ ಎಂದಿನಂತೆ ಬರುತ್ತಲೇ ಇತ್ತು.

ಮಿರಾಯ್ ಮೆಮರಿಯಲ್ಲಷ್ಟೇ ಕೂರುತ್ತಿದ್ದರಿಂದ ಆಫ್ ಮಾಡಿ ಆನ್ ಮಾಡಿದರೆ ಅಳಿಸಿಹೋಗುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಒಳಗೆ. ಇನ್ನೂ ಕೆಟ್ಟದ್ದೆಂದರೆ, ಕೆಲವು ಮಾದರಿಗಳಲ್ಲಿ ವೆಬ್ ಪುಟದ ಪಾಸ್‌ವರ್ಡ್ ಬದಲಿಸಿದರೂ ಟೆಲ್ನೆಟ್ ಪಾಸ್‌ವರ್ಡ್ ಬದಲಾಗುತ್ತಿರಲಿಲ್ಲ. ಅದು ಫರ್ಮ್‌ವೇರ್‌ನಲ್ಲೇ, ಅಂದರೆ ಸಾಧನದ ಒಳಗಿನ ಮೂಲ ತಂತ್ರಾಂಶದಲ್ಲೇ, ಬರೆದಿಟ್ಟದ್ದು. ಅಂಥ ಸಾಧನಕ್ಕೆ ಅಪ್‌ಡೇಟ್ ಬರದಿದ್ದರೆ ನೆಟ್‌ನಿಂದ ಕಿತ್ತುಹಾಕುವುದೊಂದೇ ದಾರಿ.

2019ರ ಕೊನೆಗೆ ಅಮೆರಿಕದಲ್ಲಿ ನಡೆದದ್ದು ಬೇರೆ ಬಗೆಯದು. ಮಗುವಿನ ಕೋಣೆಯ ಕ್ಯಾಮೆರಾದ ಸ್ಪೀಕರ್‌ನಿಂದ ಅಪರಿಚಿತನೊಬ್ಬ ಮಾತನಾಡಿದ. ಕ್ಯಾಮೆರಾವನ್ನೇ ಹ್ಯಾಕ್ ಮಾಡುವ ಅಗತ್ಯವೇ ಇರದ ದಾರಿ ಇದು: ಬೇರೆಲ್ಲೋ ಸೋರಿಹೋದ ಇಮೇಲ್, ಪಾಸ್‌ವರ್ಡನ್ನೇ ಜನ ಕ್ಯಾಮೆರಾ ಆಪ್‌ಗೂ ಬಳಸಿರುತ್ತಾರೆ.

ಹಾಗಾಗಿ ಮೊದಲು ರೂಟರ್. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ತೆರೆಯಿರಿ. ಎರಡೂ ಅಲ್ಲದಿದ್ದರೆ ಫೋನಿನ ವೈಫೈ ವಿವರದಲ್ಲಿ 'ಗೇಟ್‌ವೇ' ಎಂದಿರುವ ವಿಳಾಸ ನೋಡಿ. ಒಳಗೆ ಯುಪಿಎನ್‌ಪಿ ಆಫ್ ಮಾಡಿ. ನಿಮ್ಮನ್ನು ಕೇಳದೆ ಕ್ಯಾಮೆರಾ ಹೊರಜಗತ್ತಿಗೆ ಪೋರ್ಟ್ ತೆರೆಯುವುದು ಇದರ ಮೂಲಕವೇ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಮನೆಯೊಳಗಿನ ಸಾಧನಕ್ಕೆ ದಾರಿ ಬಿಡುವ) ಪಟ್ಟಿಯಲ್ಲಿ 23, 80, 554 ಇದ್ದರೆ, ನೀವೇ ಬೇಕೆಂದು ಹಾಕಿದ್ದಲ್ಲದಿದ್ದರೆ, ಅಳಿಸಿ. ಕಂಪನಿಯ ಸರ್ವರ್ ಮೂಲಕ ನಡೆಯುವ ಕ್ಯಾಮೆರಾಗೆ ಸಾಮಾನ್ಯವಾಗಿ ಇದರಿಂದ ಏನೂ ಆಗದು. ನೇರ ಸಂಪರ್ಕದ ಹಳೆಯ ಡಿವಿಆರ್ ಆದರೆ ಹೊರಗಿನಿಂದ ಕಾಣುವುದು ನಿಲ್ಲುತ್ತದೆ, ಆಗ ರೂಟರ್‌ನಲ್ಲೇ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಗೂಢಲಿಪಿಯ ಖಾಸಗಿ ದಾರಿ) ಹಾಕಿಕೊಳ್ಳಿ. ಮತ್ತೆ ಪೋರ್ಟ್ ತೆರೆಯಬೇಡಿ.

ಕ್ಯಾಮೆರಾವನ್ನು ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ರೂಟರ್‌ನಲ್ಲಿರುವ ಪ್ರತ್ಯೇಕ ವೈಫೈ) ಸೇರಿಸಿ, ಅದು ಕೈತಪ್ಪಿದರೂ ಲ್ಯಾಪ್‌ಟಾಪ್ ತನಕ ದಾರಿ ಸಿಗಬಾರದು. ಆಪ್‌ಗೆ ಬೇರೆಲ್ಲೂ ಬಳಸದ, 12 ಅಕ್ಷರಕ್ಕೂ ಉದ್ದದ ಪಾಸ್‌ವರ್ಡ್, ಜೊತೆಗೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ನಂತರ ಇನ್ನೊಂದು ಕೋಡ್ ಕೇಳುವುದು) ಇರಲಿ. ಈ ಸೌಲಭ್ಯವೇ ಇಲ್ಲದ ಆಪ್ ಆದರೆ ಆ ಕ್ಯಾಮೆರಾ ಮಲಗುವ ಕೋಣೆಗೆ ಖಂಡಿತ ಬೇಡ.

ಕೊಳ್ಳುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಇದನ್ನು ತಿಳಿಸುವುದು ಕಾನೂನಿನಲ್ಲೇ ಕಡ್ಡಾಯ.

ಬಳಸಿದ ಕ್ಯಾಮೆರಾ ಮಾರುವವರು ಮೆಮರಿ ಕಾರ್ಡ್ ತೆಗೆದುಕೊಂಡು, ರೀಸೆಟ್ ಮಾಡಿ, ಆಪ್‌ನಿಂದಲೂ ಸಾಧನವನ್ನು ತೆಗೆದುಹಾಕಬೇಕು. ಸೆಕೆಂಡ್ ಹ್ಯಾಂಡ್ ಕೊಂಡವರು ಸೆಟಪ್ ಮಾಡುವಾಗ 'ಬೇರೊಂದು ಖಾತೆಗೆ ಸೇರಿದೆ' ಎಂದು ಬಂದರೆ, ಹಳೆಯ ಮಾಲೀಕರು ಬಿಡಿಸಿಕೊಡುವ ತನಕ ಅದನ್ನು ಮನೆಯ ವೈಫೈಗೆ ಸೇರಿಸಬೇಡಿ.